ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟ ರಾಮನ್ (ನವೆಂಬರ್ 7, 1888 – ನವೆಂಬರ್ 21, 1970) ಭಾರತದ ಭೌತವಿಜ್ಞಾನಿ. ಬೆಳಕಿನ ಚದುರಿಕೆಯ ಕುರಿತಾದ ಸಂಶೋಧನೆಗಾಗಿ 1930ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಪಡೆದರು. ವಿಜ್ಞಾನ ವಿಭಾಗದಲ್ಲಿ ಈ ಪ್ರಶಸ್ತಿ ಪಡೆದ ಮೊದಲ ಏಷ್ಯನ್ನರು ಇವರು. ಜೀವನದ ಕೊನೆಯ 37 ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿದ್ದರು.

ರಾಮನ್ ಅವರನ್ನು ಅವರ ಹೆಸರಿನ ಪರಿಣಾಮದ ಮೂಲಕವೇ ಗುರುತಿಸುವುದು ರೂಢಿ. ಆದರೆ ಅವರ ಸಂಶೋಧನೆಯ ಬಹುಭಾಗ ಇನ್ನೊಂದು ಪ್ರಶ್ನೆಯ ಸುತ್ತ ಬೆಳೆದಿದೆ. ತಂತಿ, ಮದ್ದಳೆಯ ಚರ್ಮ, ಗುಮ್ಮಟ, ಹರಳು ಮುಂತಾದ ಸೀಮಿತ ವಸ್ತುವಿನೊಳಗೆ ಸಿಕ್ಕಿಕೊಂಡ ಅಲೆ ಯಾವ ಯಾವ ವಿಧಗಳಲ್ಲಿ ಕಂಪಿಸಬಲ್ಲದು, ಮತ್ತು ಆ ವಸ್ತುವಿನ ಎಷ್ಟು ಜಾಗವನ್ನು ಅದು ನಿಜವಾಗಿ ತುಂಬಿಕೊಳ್ಳುತ್ತದೆ ಎಂಬುದು ಆ ಪ್ರಶ್ನೆ. ಇಂತಹ ಪ್ರತಿಯೊಂದು ಕಂಪನವಿಧವನ್ನು ಮೋಡ್ ಎನ್ನುತ್ತಾರೆ. ಇಂದು ಬೆಳಕಿನ ಸೂಕ್ಷ್ಮ ಸಾಧನಗಳನ್ನು ಗಣಕದಲ್ಲಿ ವಿನ್ಯಾಸಗೊಳಿಸುವವರು ಲೆಕ್ಕಹಾಕುವ ಮೋಡ್ ಘನಗಾತ್ರವು ಈ ಪ್ರಶ್ನೆಯ ಎರಡನೆಯ ಭಾಗಕ್ಕೆ ಕೊಡುವ ಸಂಖ್ಯಾರೂಪದ ಉತ್ತರ. ರಾಮನ್ ಅವರ ಕೆಲವು ಕೆಲಸಗಳು ಈ ಲೆಕ್ಕದ ಹಿನ್ನೆಲೆಯಲ್ಲಿವೆ. ಅವರ ಬಹುಚರ್ಚಿತ ತಪ್ಪೊಂದು ಕೂಡ ಇದೇ ದಾರಿಯಲ್ಲಿ ಎದುರಾಗುತ್ತದೆ.

ಬಾಲ್ಯ ಮತ್ತು ಶಿಕ್ಷಣ

ರಾಮನ್ ಅವರು ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕಾವಲ್‌ನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಉಪನ್ಯಾಸಕ ಹುದ್ದೆ ದೊರೆತಾಗ ಕುಟುಂಬ ಅಲ್ಲಿಗೆ ತೆರಳಿತು. ಮನೆಯಲ್ಲಿ ಪುಸ್ತಕಗಳೂ ಸಂಗೀತವೂ ಇದ್ದವು. ರಾಮನ್ ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿ, 1903ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಆಯತಾಕಾರದ ಕಂಡಿಯ ಮೂಲಕ ಹಾಯುವ ಬೆಳಕಿನ ವಿವರ್ತನೆಯ ಬಗ್ಗೆ ಬರೆದ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು.

ಅಂದಿನ ಭಾರತದಲ್ಲಿ ವಿಜ್ಞಾನವನ್ನು ವೃತ್ತಿಯಾಗಿ ನಡೆಸುವ ಅವಕಾಶ ಬಹಳ ಕಡಿಮೆಯಿತ್ತು. ರಾಮನ್ ಹಣಕಾಸು ಸೇವೆಯ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು, 1907ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ನೇಮಕಗೊಂಡರು. ಅದೇ ವರ್ಷ ಲೋಕಸುಂದರಿ ಅವರೊಂದಿಗೆ ವಿವಾಹವಾಯಿತು.

ಕಲ್ಕತ್ತೆಯ ವರ್ಷಗಳು

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಸಂವರ್ಧನ ಸಂಘವಿತ್ತು. ಕಟ್ಟಡವೂ ಉಪಕರಣಗಳೂ ಇದ್ದವು. ಸಂಶೋಧನೆ ಮಾಡುವವರು ಇರಲಿಲ್ಲ. ರಾಮನ್ ಕಚೇರಿಗೆ ಹೋಗುವ ಮುನ್ನ ಬೆಳಿಗ್ಗೆಯೂ, ಕಚೇರಿಯಿಂದ ಹಿಂದಿರುಗಿ ಸಂಜೆಯೂ ಅಲ್ಲಿ ಪ್ರಯೋಗ ನಡೆಸುತ್ತಿದ್ದರು. ನಡುವೆ ರಂಗೂನ್ ಮತ್ತು ನಾಗಪುರಕ್ಕೆ ವರ್ಗವಾದ ಅವಧಿಯನ್ನು ಬಿಟ್ಟರೆ ಸುಮಾರು ಹತ್ತು ವರ್ಷ ಈ ದಿನಚರಿ ನಡೆಯಿತು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಒಪ್ಪಿಕೊಂಡು ಸರ್ಕಾರಿ ಹುದ್ದೆಯನ್ನು ತೊರೆದರು. ಹೊಸ ಹುದ್ದೆಯ ಸಂಬಳ ಹಳೆಯದಕ್ಕಿಂತ ಕಡಿಮೆಯಿತ್ತು.

ಈ ಅವಧಿಯ ಮೊದಲ ದೊಡ್ಡ ವಿಷಯ ವಾದ್ಯಗಳು. ಪಿಟೀಲಿನ ತಂತಿಯನ್ನು ಕಮಾನು ಉಜ್ಜಿದಾಗ ಹುಟ್ಟುವ ಕಂಪನದ ಕುರಿತು 1918ರಲ್ಲಿ ವಿಸ್ತಾರವಾದ ಪ್ರಬಂಧವೊಂದನ್ನು ಪ್ರಕಟಿಸಿದರು. ವೀಣೆ ಮತ್ತು ತಂಬೂರಿಗಳ ಕುದುರೆಯ ರಚನೆಯನ್ನು ಪರಿಶೀಲಿಸಿದರು. ತಂತಿಯನ್ನು ಮೀಟುವ ಬಿಂದುವಿನಲ್ಲಿ ಯಾವ ಕಂಪನವಿಧಕ್ಕೆ ನಿಶ್ಚಲ ಸ್ಥಾನವಿದೆಯೋ ಆ ವಿಧ ಧ್ವನಿಯಲ್ಲಿ ಕೇಳಬಾರದು ಎಂಬುದು ಅಂಗೀಕೃತ ನಿಯಮವಾಗಿತ್ತು. ತಂಬೂರಿಯ ಅಗಲವಾದ ಕುದುರೆ ಮತ್ತು ತಂತಿಯಡಿ ಇಡುವ ನೂಲಿನಿಂದಾಗಿ ಈ ನಿಯಮ ಮುರಿಯುವುದನ್ನು ರಾಮನ್ ತೋರಿಸಿದರು. ತಂತಿ ಅದೇ, ಬಿಗಿತವೂ ಅದೇ. ತಂತಿಯ ಕೊನೆ ವಸ್ತುವನ್ನು ಮುಟ್ಟುವ ರೀತಿ ಬದಲಾದಾಗ ನಾದವೇ ಬದಲಾಯಿತು.

ಮೃದಂಗದ ಕುರಿತ ಅವರ ಕೆಲಸ ಇದಕ್ಕಿಂತಲೂ ಹೆಚ್ಚು ಹೆಸರಾಗಿದೆ. ಸಾಮಾನ್ಯವಾದ ದುಂಡು ಚರ್ಮವನ್ನು ಬಡಿದಾಗ ಹೊರಡುವ ಮೇಲ್ಸ್ವರಗಳು ಮೂಲ ಸ್ವರದ ಪೂರ್ಣಾಂಕ ಗುಣಕಗಳಾಗಿರುವುದಿಲ್ಲ. ಆದುದರಿಂದಲೇ ಹೆಚ್ಚಿನ ಚರ್ಮವಾದ್ಯಗಳಲ್ಲಿ ಶ್ರುತಿ ಸ್ಪಷ್ಟವಾಗಿ ಕೇಳದು. ಮೃದಂಗದ ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರವು ಈ ಮೇಲ್ಸ್ವರಗಳನ್ನು ಸರಿಸಿ ಹೊಂದಿಸುತ್ತದೆ. 1920ರಲ್ಲಿ ಆರಂಭಿಸಿ, 1934ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದ ವಿವರವಾದ ಲೇಖನದವರೆಗೆ ಅವರು ಈ ವಿಷಯವನ್ನು ಬೆಳೆಸಿದರು. ಚರ್ಮದ ಮೇಲೆ ಸಣ್ಣ ಮರಳನ್ನು ಉದುರಿಸಿ, ಕಂಪಿಸುವಾಗ ಅದು ನಿಲ್ಲುವ ರೇಖೆಗಳನ್ನು ನೋಡಿ ಮೋಡ್‌ಗಳನ್ನು ಗುರುತಿಸಿದರು. ಒಂಬತ್ತು ಕಂಪನವಿಧಗಳು ಗುಂಪುಗೂಡಿ ಐದು ಸುಸ್ವರಗಳಾಗುತ್ತವೆ ಎಂಬುದು ಅವರ ನಿರ್ಣಯ.

ಇಂತಹ ವಿಶ್ಲೇಷಣೆ ಕಲ್ಲಿಗೂ ಅನ್ವಯಿಸುತ್ತದೆ. ಹಂಪಿಯ ವಿಠ್ಠಲ ದೇವಾಲಯದ ಮಹಾಮಂಟಪದ ಸಂಗೀತ ಕಂಬಗಳ ಬಗ್ಗೆ, ರಾಮನ್ ತೀರಿಕೊಂಡು 38 ವರ್ಷಗಳಾದ ಮೇಲೆ, 2008ರಲ್ಲಿ ಕಲ್ಪಾಕ್ಕಂನ ವಿಜ್ಞಾನಿಗಳು ಅಧ್ಯಯನವೊಂದನ್ನು ಪ್ರಕಟಿಸಿದರು. ಹನ್ನೊಂದು ಕಂಬಗಳ ಧ್ವನಿಯ ರೋಹಿತವನ್ನು ವಿಶ್ಲೇಷಿಸಿ, ಕಲ್ಲಿಗೆ ಹಾನಿಯಾಗದ ವಿಧಾನಗಳಿಂದ ಪರೀಕ್ಷಿಸಿದಾಗ, ಬೆರಳಿನಿಂದ ತಟ್ಟಿದರೆ ಕೇಳುವ ಸ್ವರವು ಗಟ್ಟಿಯಾದ ಕಲ್ಲುಗಂಬ ಬಾಗುವ ಕಂಪನವಿಧದ್ದೆಂದು ಕಂಡುಬಂದಿತು. ಕಂಬಗಳ ಒಳಗೆ ಟೊಳ್ಳಿದೆ ಎಂಬ ಪ್ರಚಲಿತ ನಂಬಿಕೆಗೆ ಇದರಲ್ಲಿ ಆಧಾರವಿಲ್ಲ.

ಪಿಸುಗುಟ್ಟುವ ಗ್ಯಾಲರಿಗಳು

1921ರಲ್ಲಿ ರಾಮನ್ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕಾಗಿ ಮೊದಲ ಬಾರಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಗುಮ್ಮಟದಡಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಆಚೆಯ ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಧ್ವನಿಯು ಗೋಡೆಯ ಬಾಗನ್ನೇ ಅನುಸರಿಸಿ, ಅದಕ್ಕಂಟಿದ ತೆಳುವಾದ ಪದರದಲ್ಲಿ ಸಾಗುತ್ತದೆ ಎಂದು ಲಾರ್ಡ್ ರೇಲಿ ಮೊದಲೇ ವಿವರಿಸಿ, 1910 ಮತ್ತು 1914ರಲ್ಲಿ ಅದಕ್ಕೆ ಗಣಿತದ ರೂಪ ಕೊಟ್ಟಿದ್ದರು. ರಾಮನ್ ಮತ್ತು ಜಿ. ಎ. ಸದರ್ಲೆಂಡ್ ಅಲ್ಲಿ ಅಳತೆಗಳನ್ನು ಮಾಡಿದರು. ಗೋಡೆಯಿಂದ ಒಳಕ್ಕೆ ಸರಿದಂತೆ ಧ್ವನಿ ಒಂದೇ ಸಮನೆ ಕುಗ್ಗದೆ, ಗಟ್ಟಿ ಮತ್ತು ಮೌನದ ಪಟ್ಟಿಗಳು ಒಂದಾದ ಮೇಲೊಂದು ಬರುವುದನ್ನು ಕಂಡರು. ಅಂದರೆ ಅಲ್ಲಿ ಒಂದಕ್ಕಿಂತ ಹೆಚ್ಚು ಮೋಡ್‌ಗಳು ಒಟ್ಟಿಗೇ ಇದ್ದವು.

ಭಾರತಕ್ಕೆ ಮರಳಿದ ಮೇಲೆ ಇಲ್ಲಿನ ಇಂತಹ ಕಟ್ಟಡಗಳನ್ನೂ ಪರಿಶೀಲಿಸಿ ಬರೆದರು. ಅವುಗಳಲ್ಲಿ ವಿಜಯಪುರದ ಗೋಲ ಗುಮ್ಮಟವೂ ಒಂದು. ಮುಹಮ್ಮದ್ ಆದಿಲ್ ಷಾನ ಈ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಒಳಸುತ್ತಳತೆ ಸುಮಾರು 119 ಮೀಟರ್. ಸೆಕೆಂಡಿಗೆ 1000 ಕಂಪನಗಳ ಧ್ವನಿಯ ತರಂಗದೂರ ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರ್; ಹಾಗಾಗಿ ಸುತ್ತಿನಲ್ಲಿ 350ರಷ್ಟು ಅಲೆಗಳು ಹಿಡಿಯುತ್ತವೆ. ಇಷ್ಟು ದೊಡ್ಡ ಗುಮ್ಮಟದಲ್ಲಿಯೂ ಇಂತಹ ಅಲೆಯ ಶಕ್ತಿಯ ಹೆಚ್ಚಿನ ಪಾಲು ಗೋಡೆಯಿಂದ ಒಂದು ಮೀಟರಿನ ಆಸುಪಾಸಿನಲ್ಲೇ ಉಳಿಯುತ್ತದೆ. ನಡುವಿನ ವಿಶಾಲವಾದ ಜಾಗ ಆ ಅಲೆಗೆ ಬೇಕಾಗಿಯೇ ಇಲ್ಲ.

ಈಗ ಗುಮ್ಮಟದ ಬದಲು 40 ಮೈಕ್ರೋಮೀಟರ್ ವ್ಯಾಸದ ಗಾಜಿನ ಗೋಲವನ್ನೂ, ಧ್ವನಿಯ ಬದಲು ದೂರಸಂಪರ್ಕದಲ್ಲಿ ಬಳಸುವ 1550 ನ್ಯಾನೋಮೀಟರ್ ಅವಗೆಂಪು ಬೆಳಕನ್ನೂ ಇಟ್ಟುಕೊಳ್ಳಬಹುದು. ಗಾಜಿನೊಳಗೆ ಆ ಬೆಳಕಿನ ತರಂಗದೂರ 1.07 ಮೈಕ್ರೋಮೀಟರ್ ಆಗುವುದರಿಂದ ಗೋಲದ ಸುತ್ತ ಸುಮಾರು 117 ಅಲೆಗಳು ಹಿಡಿಯುತ್ತವೆ. ಗಾತ್ರದಲ್ಲಿ ಸುಮಾರು ಹತ್ತು ಲಕ್ಷ ಪಟ್ಟು ವ್ಯತ್ಯಾಸವಿದ್ದರೂ ಗಣಿತ ಬಹುಮಟ್ಟಿಗೆ ಅದೇ. ಬೆಳಕಿನ ಈ ಮೋಡ್‌ಗಳನ್ನು ಇಂದಿಗೂ ಪಿಸುಗುಟ್ಟುವ ಗ್ಯಾಲರಿ ಮೋಡ್‌ಗಳೆಂದೇ ಕರೆಯುತ್ತಾರೆ.

ರಾಮನ್ ಪರಿಣಾಮ

ಅದೇ ಪ್ರವಾಸದಿಂದ ನರ್ಕುಂಡಾ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಬಣ್ಣ ರಾಮನ್ ಅವರ ಗಮನ ಸೆಳೆಯಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಎಂಬ ರೇಲಿ ಅವರ ಅಭಿಪ್ರಾಯ ಸರಿಯಲ್ಲವೆಂದೂ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಯೆಂದೂ ತೋರಿಸಿದರು. ಮುಂದಿನ ಏಳು ವರ್ಷ ಅವರ ಪ್ರಯೋಗಾಲಯದಲ್ಲಿ ದ್ರವ, ಅನಿಲ ಮತ್ತು ಹರಳುಗಳಲ್ಲಿ ಬೆಳಕಿನ ಚದುರಿಕೆಯ ಅಧ್ಯಯನ ನಡೆಯಿತು. 1923ರಲ್ಲಿಯೇ ಕೆ. ಆರ್. ರಾಮನಾಥನ್ ಅವರು ಚದುರಿದ ಬೆಳಕಿನಲ್ಲಿ ಬಣ್ಣ ಬದಲಾದ ಮಂದವಾದ ಅಂಶವೊಂದನ್ನು ಗಮನಿಸಿದ್ದರು. ದ್ರವವನ್ನು ಎಷ್ಟು ಶುದ್ಧೀಕರಿಸಿದರೂ ಅದು ಹೋಗಲಿಲ್ಲ.

1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಅವರೊಂದಿಗೆ ರಾಮನ್ ಈ ಪ್ರಯೋಗಗಳನ್ನು ಮತ್ತೆ ಕೈಗೊಂಡರು. ಫೆಬ್ರವರಿ 28ರಂದು, ಒಂದೇ ಬಣ್ಣದ ಬೆಳಕು ದ್ರವದಲ್ಲಿ ಚದುರಿದಾಗ ಅದರಲ್ಲಿ ಹೊಸ ಆವೃತ್ತಿಗಳು ಸೇರಿಕೊಳ್ಳುವುದನ್ನು ರೋಹಿತದರ್ಶಕದಲ್ಲಿ ಸ್ಪಷ್ಟವಾಗಿ ಕಂಡರು. ಮೂಲ ಬೆಳಕಿನ ಮತ್ತು ಹೊಸ ರೇಖೆಯ ಆವೃತ್ತಿಗಳ ವ್ಯತ್ಯಾಸವು ಅಣುವಿನ ಆಂತರಿಕ ಕಂಪನದ ಆವೃತ್ತಿಗೆ ಸಮ. ಹೀಗೆ ಅಣುವಿನ ಮೋಡ್‌ಗಳನ್ನು ಬೆಳಕಿನ ಮೂಲಕ ಓದುವ ದಾರಿ ತೆರೆಯಿತು. ಹೊಸ ವಿಕಿರಣದ ಕುರಿತು ರಾಮನ್ ವಿವರವಾದ ಉಪನ್ಯಾಸ ನೀಡಿದ್ದು ಮಾರ್ಚ್ 16ರಂದು ಬೆಂಗಳೂರಿನಲ್ಲಿ. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅವರು ಹರಳುಗಳಲ್ಲಿ ಇದೇ ವಿದ್ಯಮಾನವನ್ನು ಸ್ವತಂತ್ರವಾಗಿ ಕಂಡಿದ್ದರು. ಅವರ ಪ್ರಕಟಣೆ ನಂತರ ಬಂದಿತು. 1930ರ ನೊಬೆಲ್ ಪ್ರಶಸ್ತಿ ರಾಮನ್ ಒಬ್ಬರಿಗೇ ಸಂದಿತು. ಕೃಷ್ಣನ್ ಅವರ ಪಾಲಿಗೆ ಸಲ್ಲಬೇಕಾದ ಮನ್ನಣೆಯ ಚರ್ಚೆ ಇಂದಿಗೂ ನಿಂತಿಲ್ಲ.

ಬೆಂಗಳೂರು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಅದರ ನಿಯತಕಾಲಿಕವನ್ನು ಆರಂಭಿಸಿದರು. ಎನ್. ಎಸ್. ನಾಗೇಂದ್ರನಾಥ್ ಅವರೊಂದಿಗೆ 1935–36ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ದ್ರವದಲ್ಲಿ ಸಾಗುವ ಶ್ರವಣಾತೀತ ಅಲೆಗಳು ಬೆಳಕಿಗೆ ಚಲಿಸುವ ಜಾಲರಿಯಂತೆ ವರ್ತಿಸಿ ಅದನ್ನು ಹಲವು ದಿಕ್ಕುಗಳಿಗೆ ಒಡೆಯುವುದನ್ನು ವಿವರಿಸಿದರು. ರಾಮನ್–ನಾಥ್ ಸಿದ್ಧಾಂತವೆಂದು ಹೆಸರಾದ ಇದು ಲೇಸರ್ ಕಿರಣವನ್ನು ಧ್ವನಿಯಿಂದ ನಿಯಂತ್ರಿಸುವ ಸಾಧನಗಳಿಗೆ ಆಧಾರವಾಗಿದೆ.

ಆಡಳಿತ ಮಾತ್ರ ಸುಗಮವಾಗಿರಲಿಲ್ಲ. ಇತರ ವಿಭಾಗಗಳಿಗಿಂತ ಭೌತವಿಜ್ಞಾನಕ್ಕೆ ಹೆಚ್ಚು ಒತ್ತು ಕೊಡುತ್ತಾರೆ, ಸಹೋದ್ಯೋಗಿಗಳೊಂದಿಗೆ ಒರಟಾಗಿ ನಡೆದುಕೊಳ್ಳುತ್ತಾರೆ ಎಂಬ ದೂರುಗಳು ಬಂದವು. ಪರಿಶೀಲನಾ ಸಮಿತಿಯ ನೇಮಕವಾಯಿತು. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನವನ್ನು ತೊರೆದು, 1948ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದರು. 1933ರಲ್ಲಿ ಪ್ರವೇಶ ಕೋರಿ ಬಂದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರಿಗೆ ಹೆಣ್ಣುಮಗಳೆಂಬ ಕಾರಣಕ್ಕೆ ಮೊದಲು ನಿರಾಕರಿಸಿ, ಅವರು ಪಟ್ಟು ಹಿಡಿದ ಮೇಲೆ ಷರತ್ತುಗಳೊಂದಿಗೆ ಸೇರಿಸಿಕೊಂಡದ್ದು ರಾಮನ್ ಅವರ ಜೀವನಚರಿತ್ರೆಯಲ್ಲಿ ಮುಚ್ಚಿಡಲಾಗದ ಸಂಗತಿ. ನಂತರದ ವರ್ಷಗಳಲ್ಲಿ ಅನ್ನಾ ಮಣಿ ಅವರು ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ರೋಹಿತದ ಕುರಿತು ಕೆಲಸ ಮಾಡಿದರು.

ಮ್ಯಾಕ್ಸ್ ಬಾರ್ನ್ ಅವರೊಂದಿಗಿನ ವಿವಾದ

ನಾಜಿ ಆಳ್ವಿಕೆಯಿಂದ ದೇಶ ಬಿಟ್ಟಿದ್ದ ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ರಾಮನ್ 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡರು. ಅವರಿಗೆ ಖಾಯಂ ಹುದ್ದೆ ಕೊಡಿಸುವ ಯತ್ನ ಫಲಿಸದೆ ಬಾರ್ನ್ ಎಡಿನ್‌ಬರೋಗೆ ಹೋದರು. ಮುಂದಿನ ದಶಕದಲ್ಲಿ ಇಬ್ಬರೂ ಬಹಿರಂಗ ವಾದಕ್ಕೆ ನಿಂತರು. ವಾದದ ವಿಷಯ ಹರಳಿನ ಮೋಡ್‌ಗಳನ್ನು ಎಣಿಸುವ ಬಗೆ.

ಹರಳಿನ ಪರಮಾಣುಗಳ ಕಂಪನಗಳನ್ನು ಎಣಿಸುವಾಗ ಹರಳಿನ ಒಂದು ಅಂಚು ಎದುರಿನ ಅಂಚಿಗೆ ಕೂಡಿಕೊಂಡಿದೆಯೆಂದು ಬಾರ್ನ್ ಮತ್ತು ಫಾನ್ ಕಾರ್ಮನ್ ಗಣಿತಕ್ಕಾಗಿ ಕಲ್ಪಿಸಿದ್ದರು. ಇಂತಹ ಸೀಮಾ ನಿಬಂಧನೆಯಿಂದ ಮೋಡ್‌ಗಳು ಒತ್ತೊತ್ತಾಗಿ ಸೇರಿ ಅವಿಚ್ಛಿನ್ನ ಪಟ್ಟಿಗಳಾಗುತ್ತವೆ. ನಿಜವಾದ ಹರಳಿಗೆ ಇಂತಹ ಕೂಡಿಕೆಯಿಲ್ಲ, ಆದುದರಿಂದ ಕಲ್ಪನೆಯೇ ಅಸಂಗತ ಎಂಬುದು ರಾಮನ್ ಅವರ ಆಕ್ಷೇಪ. ಘಟಕಕೋಶದಲ್ಲಿ ಇರುವ ಪರಮಾಣುಗಳ ಸಂಖ್ಯೆಯನ್ನು 24ರಿಂದ ಗುಣಿಸಿ 3 ಕಳೆದರೆ ಸಿಗುವಷ್ಟು ವಿಧಗಳು ಮಾತ್ರ ಸಾಧ್ಯವೆಂದು ಅವರು ವಾದಿಸಿದರು. ಎರಡು ಪರಮಾಣುಗಳ ಘಟಕಕೋಶವಿರುವ ವಜ್ರಕ್ಕೆ ಅದು 45. ಆರ್. ಎಸ್. ಕೃಷ್ಣನ್ ಅವರು ಬೆಂಗಳೂರಿನಲ್ಲಿ ತೆಗೆದ ವಜ್ರದ ಎರಡನೆಯ ದರ್ಜೆಯ ರಾಮನ್ ರೋಹಿತದ ಚೂಪಾದ ಶಿಖರಗಳು ತಮ್ಮ ವಾದಕ್ಕೆ ಸಾಕ್ಷಿಯೆಂದು ರಾಮನ್ ನಂಬಿದ್ದರು. ಬಾರ್ನ್ ಅವರ ವಿದ್ಯಾರ್ಥಿನಿ ಹೆಲೆನ್ ಸ್ಮಿತ್ 1948ರಲ್ಲಿ ಪ್ರಕಟಿಸಿದ ಲೆಕ್ಕಾಚಾರವು ಅವಿಚ್ಛಿನ್ನ ಪಟ್ಟಿಗಳಿಂದಲೂ ಇಂತಹ ಶಿಖರಗಳು ಬರಬಲ್ಲವೆಂದು ತೋರಿಸಿತು. 1950ರ ದಶಕದಲ್ಲಿ ಆರಂಭವಾದ ನ್ಯೂಟ್ರಾನ್ ಚದುರಿಕೆಯ ಪ್ರಯೋಗಗಳು ಕಂಪನಗಳ ಪಟ್ಟಿಗಳನ್ನು ನೇರವಾಗಿ ಅಳೆದವು. ಬಾರ್ನ್ ಸರಿ, ರಾಮನ್ ತಪ್ಪು ಎಂಬುದರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ರಾಮನ್ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಅವರ ಶಿಷ್ಯರಲ್ಲಿ ಕೆಲವರ ವರ್ಷಗಟ್ಟಲೆಯ ಶ್ರಮ ಈ ಹಟದ ಹಿಂದೆ ವ್ಯರ್ಥವಾಯಿತೆಂದು ಹೇಳಿದರೆ ಅನ್ಯಾಯವಾಗದು. ಆದರೆ ಆ ವರ್ಷಗಳ ರೋಹಿತಗಳು ಅಳತೆಯ ದೃಷ್ಟಿಯಿಂದ ಉತ್ತಮವಾಗಿದ್ದವು, ಸಿದ್ಧಾಂತ ಬಿದ್ದ ಮೇಲೂ ಉಳಿದವು.

ರಾಮನ್ ಸಂಶೋಧನಾ ಸಂಸ್ಥೆ ಮತ್ತು ಕೊನೆಯ ವರ್ಷಗಳು

ಮೈಸೂರು ಸರ್ಕಾರವು ಅಕಾಡೆಮಿಗೆ ನೀಡಿದ್ದ ಜಾಗದಲ್ಲಿ, ಈಗಿನ ಸದಾಶಿವನಗರದ ಬಳಿ, ರಾಮನ್ 1948ರಲ್ಲಿ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಸರ್ಕಾರದ ಹಣದೊಂದಿಗೆ ಬರುವ ವರದಿ, ತನಿಖೆಗಳು ಬೇಡವೆಂದು ಖಾಸಗಿ ದೇಣಿಗೆ ಮತ್ತು ಸ್ವಂತ ಗಳಿಕೆಯಿಂದಲೇ ಅದನ್ನು ನಡೆಸಿದರು. ಕ್ಷೀರಸ್ಫಟಿಕ, ಫೆಲ್ಡ್‌ಸ್ಪಾರ್, ಚಿಪ್ಪು, ಹಕ್ಕಿಗರಿ, ಹೂವುಗಳ ಬಣ್ಣಗಳು ಈ ಕಾಲದ ಅವರ ವಿಷಯಗಳು. ಕ್ಷೀರಸ್ಫಟಿಕದ ಬಣ್ಣ ಅದರ ಕ್ರಮಬದ್ಧವಾದ ಸೂಕ್ಷ್ಮ ರಚನೆಯಿಂದ ಬರುತ್ತದೆ. ಇಂತಹ ರಚನೆಗಳನ್ನು 1987ರ ನಂತರ ದ್ಯುತಿಹರಳುಗಳೆಂಬ ಹೆಸರಿನಲ್ಲಿ ಕೃತಕವಾಗಿ ರೂಪಿಸಲಾಗುತ್ತಿದೆ. ಸೋದರಳಿಯ ಎಸ್. ಪಂಚರತ್ನಂ ಇದೇ ಸಂಸ್ಥೆಯಲ್ಲಿದ್ದುಕೊಂಡು 1956ರಲ್ಲಿ ಧ್ರುವೀಕೃತ ಬೆಳಕಿನ ಜ್ಯಾಮಿತೀಯ ಹಂತವನ್ನು ಕಂಡುಹಿಡಿದರು.

1970ರ ಅಕ್ಟೋಬರ್‌ನಲ್ಲಿ ರಾಮನ್ ಪ್ರಯೋಗಾಲಯದಲ್ಲಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಉಳಿಯಲು ಒಪ್ಪದೆ ಸಂಸ್ಥೆಗೆ ಮರಳಿ, ನವೆಂಬರ್ 21ರಂದು ಅಲ್ಲಿಯೇ ನಿಧನರಾದರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ, ವಿಧಿಗಳಿಲ್ಲದೆ, ಅಂತ್ಯಸಂಸ್ಕಾರ ನಡೆಯಿತು. ಆ ಸ್ಥಳದಲ್ಲಿ ಮರವೊಂದನ್ನು ನೆಡಲಾಗಿದೆ; ಬೇರೆ ಸ್ಮಾರಕವಿಲ್ಲ.

ಮೋಡ್ ಘನಗಾತ್ರದ ಲೆಕ್ಕ

ರಾಮನ್ ಪರಿಣಾಮ ಬಹಳ ದುರ್ಬಲವಾದುದು. ಚದುರಿದ ಬೆಳಕಿನ ಅತ್ಯಲ್ಪ ಅಂಶ ಮಾತ್ರ ಬಣ್ಣ ಬದಲಿಸುತ್ತದೆ. ಅದನ್ನು ಬಲಪಡಿಸುವ ದಾರಿಗಳಲ್ಲೊಂದು ಪಿಸುಗುಟ್ಟುವ ಗ್ಯಾಲರಿ. ಗಾಜಿನ ಸೂಕ್ಷ್ಮ ಗೋಲದ ಅಂಚಿನಲ್ಲಿ ಬೆಳಕನ್ನು ಸುತ್ತಿಸಿದರೆ ಅದೇ ಬೆಳಕು ಅದೇ ಗಾಜನ್ನು ಲಕ್ಷಾಂತರ ಬಾರಿ ಹಾದುಹೋಗುತ್ತದೆ. 2002ರಲ್ಲಿ ಕ್ಯಾಲಿಫೋರ್ನಿಯಾದ ಸ್ಪಿಲೇನ್, ಕಿಪ್ಪೆನ್‌ಬರ್ಗ್ ಮತ್ತು ವಾಹಲಾ ಇಂತಹ ಗೋಲದಿಂದ ರಾಮನ್ ಲೇಸರ್ ಒಂದನ್ನು ತಯಾರಿಸಿದರು. ಅದನ್ನು ಹೊತ್ತಿಸಲು ಬೇಕಾದ ಶಕ್ತಿ ಅಲ್ಲಿಯವರೆಗಿನ ಸಾಧನಗಳಿಗಿಂತ ಸುಮಾರು ಸಾವಿರ ಪಟ್ಟು ಕಡಿಮೆ. ಹೀಗೆ ರಾಮನ್ ಅವರ 1921ರ ಮತ್ತು 1928ರ ಕೆಲಸಗಳು ಒಂದೇ ಗಾಜಿನ ಹನಿಯಲ್ಲಿ ಕೂಡಿಕೊಂಡವು. ಇಂತಹ ಲೇಸರ್ ಹೊತ್ತಲು ಬೇಕಾದ ಕನಿಷ್ಠ ಶಕ್ತಿಯು ಮೋಡ್ ಘನಗಾತ್ರಕ್ಕೆ ಅನುಪಾತದಲ್ಲಿಯೂ, ಬೆಳಕು ಎಷ್ಟು ಕಾಲ ಸೋರದೆ ಉಳಿಯುತ್ತದೆ ಎಂಬುದನ್ನು ಸೂಚಿಸುವ ಕ್ಯೂ ಗುಣಾಂಕದ ವರ್ಗಕ್ಕೆ ವಿಲೋಮಾನುಪಾತದಲ್ಲಿಯೂ ಇರುತ್ತದೆ. ಘನಗಾತ್ರದ ಲೆಕ್ಕ ತಪ್ಪಿದರೆ ವಿನ್ಯಾಸವೇ ತಪ್ಪುತ್ತದೆ.

ಮೋಡ್ ಘನಗಾತ್ರವೆಂದರೆ ಅನುರಣಕದೊಳಗಿನ ಒಟ್ಟು ವಿದ್ಯುತ್ ಶಕ್ತಿಯನ್ನು ಅತ್ಯಧಿಕ ಶಕ್ತಿಸಾಂದ್ರತೆಯಿಂದ ಭಾಗಿಸಿದಾಗ ಬರುವ ಮೊತ್ತ. ಹೊಸಪೇಟೆಯ ತುಂಗಭದ್ರಾ ಜಲಾಶಯದ ನೀರನ್ನೆಲ್ಲ, ಅಲ್ಲಿನ ಅತಿ ಆಳದ ಸ್ಥಳದಷ್ಟೇ ಆಳವನ್ನು ಎಲ್ಲೆಡೆಯೂ ಹೊಂದಿರುವ ನೇರ ಗೋಡೆಯ ತೊಟ್ಟಿಗೆ ತುಂಬಿದರೆ ಆ ತೊಟ್ಟಿಯ ತಳ ಎಷ್ಟು ವಿಸ್ತಾರವಿರಬೇಕು ಎಂಬ ಲೆಕ್ಕವನ್ನು ಇದು ಹೋಲುತ್ತದೆ. ತೊಟ್ಟಿಯ ತಳ ಜಲಾಶಯದ ಹರವಿಗಿಂತ ಬಹಳ ಚಿಕ್ಕದಾಗಿಯೇ ಬರುತ್ತದೆ. ಹಾಗೆಯೇ ಮೋಡ್ ಘನಗಾತ್ರವೂ ಗೋಲದ ಘನಗಾತ್ರಕ್ಕಿಂತ ಬಹಳ ಕಡಿಮೆ.

ಎಡ್ವರ್ಡ್ ಪರ್ಸೆಲ್ 1946ರಲ್ಲಿ ತೋರಿಸಿದಂತೆ, ಅನುರಣಕದೊಳಗಿನ ಪರಮಾಣು ಹೊರಗಿದ್ದಾಗಿಗಿಂತ ಎಷ್ಟು ಪಟ್ಟು ವೇಗವಾಗಿ ಬೆಳಕನ್ನು ಹೊಮ್ಮಿಸುತ್ತದೆ ಎಂಬುದನ್ನು ಕ್ಯೂ ಗುಣಾಂಕ ಮತ್ತು ಮೋಡ್ ಘನಗಾತ್ರ ಇವೆರಡರ ಭಾಗಲಬ್ಧ ನಿರ್ಧರಿಸುತ್ತದೆ. ಘನಗಾತ್ರವನ್ನು ವಸ್ತುವಿನೊಳಗಿನ ತರಂಗದೂರದ ಘನದಲ್ಲಿ ಅಳೆದರೆ ಈ ಭಾಗಲಬ್ಧವನ್ನು 0.076ರಿಂದ ಗುಣಿಸಬೇಕು. ಕ್ಯೂ ಗುಣಾಂಕ 10,000 ಇದ್ದು ಘನಗಾತ್ರ ಒಂದು ಘಟಕವಾದರೆ ವೇಗ ಸುಮಾರು 760 ಪಟ್ಟು ಹೆಚ್ಚುತ್ತದೆ.

ಕೇನ್ ಯೀ 1966ರಲ್ಲಿ ಸೂಚಿಸಿದ ವಿಧಾನದಲ್ಲಿ ಜಾಗವನ್ನು ಸಣ್ಣ ಚೌಕಗಳಾಗಿ ಒಡೆದು, ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಕಾಲದ ಹೆಜ್ಜೆಹೆಜ್ಜೆಯಾಗಿ ಬಿಡಿಸುತ್ತಾರೆ. ಮೀಪ್, ಲ್ಯೂಮೆರಿಕಲ್ ಮುಂತಾದ ತಂತ್ರಾಂಶಗಳು ಇದನ್ನು ಬಳಸುತ್ತವೆ. ಕಾಮ್ಸೋಲ್ ಪರಿಮಿತ ಅಂಶ ವಿಧಾನವನ್ನು ಬಳಸುತ್ತದೆ. ಯೀ ವಿಧಾನದಲ್ಲಿ ಅನುರಣಕದೊಳಗೆ ಕ್ಷಣಕಾಲ ಮಿನುಗುವ ಬೆಳಕಿನ ಮೂಲವೊಂದನ್ನು ಇಟ್ಟು, ಅದು ಆರಿದ ಮೇಲೆ ಬೇಡದ ಅಲೆಗಳು ಸೋರಿಹೋಗುವವರೆಗೆ ಕಾದು, ಉಳಿದ ಮೋಡ್‌ನ ವಿದ್ಯುತ್ ಕ್ಷೇತ್ರವನ್ನೂ ಆಯಾ ಚೌಕದ ವಸ್ತುಗುಣವನ್ನೂ ಮೂರು ಆಯಾಮಗಳಲ್ಲಿ ದಾಖಲಿಸಬೇಕು. ಕಾಯದೆ ದಾಖಲಿಸಿದರೆ ಮೂಲದ ಬಳಿಯ ಕ್ಷೇತ್ರವೇ ಗರಿಷ್ಠವಾಗಿ ಕಂಡು ಘನಗಾತ್ರ ಸುಳ್ಳಾಗಿ ಕುಗ್ಗುತ್ತದೆ. ಸಮಮಿತಿಯ ನೆಪದಿಂದ ರಚನೆಯ ಕಾಲು ಭಾಗವನ್ನು ಮಾತ್ರ ಗಣಕಕ್ಕೆ ಕೊಟ್ಟಿದ್ದಲ್ಲಿ, ತಂತ್ರಾಂಶ ಉಳಿದ ಭಾಗವನ್ನು ತಾನಾಗಿ ಸೇರಿಸದಿದ್ದರೆ, ಮೊತ್ತವನ್ನು ನಾಲ್ಕರಿಂದ ಗುಣಿಸಲು ಮರೆಯಬಾರದು. ದುಂಡು ರಚನೆಗಳಲ್ಲಿ ಇನ್ನೊಂದು ಗೊಂದಲವಿದೆ: ಒಂದೇ ದಿಕ್ಕಿನಲ್ಲಿ ಸುತ್ತುವ ಅಲೆಯ ಘನಗಾತ್ರಕ್ಕಿಂತ, ಎದುರುಬದುರಾಗಿ ಸಾಗುವ ಎರಡು ಅಲೆಗಳು ಸೇರಿದ ಸ್ಥಾಯಿ ಅಲೆಯ ಘನಗಾತ್ರ ಸುಮಾರು ಅರ್ಧದಷ್ಟು. ಎರಡು ಪ್ರಬಂಧಗಳ ಸಂಖ್ಯೆಗಳು ಎರಡು ಪಟ್ಟು ಬೇರೆಯಾಗಿ ಕಂಡರೆ ಮೊದಲು ಇದನ್ನೇ ಪರಿಶೀಲಿಸುವುದು ಒಳಿತು.

ಹೆಚ್ಚು ಆಳವಾದ ತೊಡಕು ಗಡಿಯದು. ಗಣಕದ ಪೆಟ್ಟಿಗೆ ಸೀಮಿತ. ಹೊರಹೋಗುವ ಬೆಳಕು ಅಂಚಿನಿಂದ ಪ್ರತಿಫಲಿಸದಂತೆ ಬೆರೆಂಜರ್ 1994ರಲ್ಲಿ ರೂಪಿಸಿದ ಹೀರುಪದರವನ್ನು ಸುತ್ತ ಇಡುತ್ತಾರೆ. ಮೇಲಿನ ಸರಳ ವ್ಯಾಖ್ಯೆಯಲ್ಲಿ ಆ ಪದರದೊಳಗಿನ ಕ್ಷೇತ್ರವನ್ನು ಮೊತ್ತಕ್ಕೆ ಸೇರಿಸಬಾರದು. ಆದರೆ ಪದರವನ್ನು ಎಲ್ಲಿ ಇಡಬೇಕು? ಸೋರುವ ಬೆಳಕಿನ ಶಕ್ತಿಸಾಂದ್ರತೆ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗಿದರೂ ಗೋಳಪದರದ ವಿಸ್ತೀರ್ಣ ಅದೇ ಪ್ರಮಾಣದಲ್ಲಿ ಹಿಗ್ಗುವುದರಿಂದ, ಪೆಟ್ಟಿಗೆ ದೊಡ್ಡದಾದಂತೆ ಮೊತ್ತವೂ ಬೆಳೆಯುತ್ತಲೇ ಹೋಗುತ್ತದೆ. ಕ್ಯೂ ಗುಣಾಂಕ ಬಹಳ ದೊಡ್ಡದಾಗಿದ್ದರೆ ಈ ಏರಿಕೆ ಗಮನಕ್ಕೂ ಬಾರದು. ಸೋರಿಕೆ ಹೆಚ್ಚಿರುವ ಲೋಹದ ಸೂಕ್ಷ್ಮ ರಚನೆಗಳಲ್ಲಿ ಮಾತ್ರ ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ. ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು 2012ರಲ್ಲಿ, ಸೋವಾನ್ ಮತ್ತು ಸಂಗಡಿಗರು 2013ರಲ್ಲಿ ಸೋರುವ ಮೋಡ್‌ಗಳಿಗೆ ಹೊಂದುವ ವ್ಯಾಖ್ಯೆಗಳನ್ನು ಕೊಟ್ಟರು. ಅವುಗಳಲ್ಲಿ ಘನಗಾತ್ರ ಒಂದು ಸಂಕೀರ್ಣ ಸಂಖ್ಯೆಯಾಗುತ್ತದೆ.

ಬಾರ್ನ್ ಅವರೊಂದಿಗಿನ ವಾದದಲ್ಲಿ ರಾಮನ್ ಎತ್ತಿದ ಆಕ್ಷೇಪ, ಕಲ್ಪಿತ ಗಡಿ ನಿಜವಾದ ಮೋಡ್‌ಗಳನ್ನು ಬದಲಿಸುತ್ತದೆ ಎಂಬುದು, ಇಲ್ಲಿ ನೆನಪಾಗುವುದು ಸಹಜ. ಆದರೆ ಎರಡನ್ನೂ ಒಂದೇ ಎಂದು ತಿಳಿಯಬಾರದು. ದೊಡ್ಡ ಹರಳಿನಲ್ಲಿ ಗಡಿಯನ್ನು ಹೇಗೆ ಕಲ್ಪಿಸಿದರೂ ಒಳಗಿನ ಎಣಿಕೆ ಬದಲಾಗದೆಂಬುದನ್ನು ತೋರಿಸಬಹುದು. ಸೋರುವ ಅನುರಣಕದಲ್ಲಿ ಪೆಟ್ಟಿಗೆಯ ಅಳತೆಯನ್ನು ಎರಡು ಮೂರು ಬಾರಿ ಬದಲಿಸಿ, ಉತ್ತರ ಸ್ಥಿರವಾಗಿದೆಯೇ ಎಂದು ನೋಡಿಯೇ ತೀರಬೇಕು.

ಪ್ರಶಸ್ತಿ ಗೌರವಗಳು

1924ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1929ರಲ್ಲಿ ನೈಟ್ ಪದವಿ, 1930ರಲ್ಲಿ ನೊಬೆಲ್ ಪ್ರಶಸ್ತಿ, 1954ರಲ್ಲಿ ಭಾರತರತ್ನ ಮತ್ತು 1957ರಲ್ಲಿ ಲೆನಿನ್ ಶಾಂತಿ ಪ್ರಶಸ್ತಿ ಅವರಿಗೆ ಸಂದವು. ರಾಮನ್ ಪರಿಣಾಮವನ್ನು ಕಂಡ ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ. 1983ರಲ್ಲಿ ನೊಬೆಲ್ ಪಡೆದ ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇವರ ಅಣ್ಣನ ಮಗ. ಕಿರಿಯ ಮಗ ವಿ. ರಾಧಾಕೃಷ್ಣನ್ ರೇಡಿಯೋ ಖಗೋಳವಿಜ್ಞಾನಿಯಾಗಿ ಹೆಸರು ಮಾಡಿ, 1972ರಿಂದ 1994ರವರೆಗೆ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು.